ಎಣಿಕೆಯ ಯಂತ್ರವೂ ಅದರ ಕಾವೂ

ಮೇಜಿನ ಮೇಲೆ ಆಟದ ಕಂಪ್ಯೂಟರನ್ನು ಇಟ್ಟುಕೊಂಡವನು, ಆಟವು ರಂಗೇರಿದ ಹೊತ್ತಿನಲ್ಲಿಯೇ ತೆರೆಯ ಮೇಲಿನ ಚಿತ್ರವು ತಡವರಿಸತೊಡಗಿದಾಗ, ಇಲ್ಲವೆ ಯಾವ ಮುನ್ಸೂಚನೆಯೂ ಇಲ್ಲದೆ ಯಂತ್ರವು ಆರಿಹೋದಾಗ, ಕ್ಯಾಬಿನೆಟ್ಟಿನ ಪಕ್ಕದ ತಗಡನ್ನು ಬಿಚ್ಚಿ, ಫ್ಯಾನು ತಿರುಗುತ್ತಿದೆಯೇ ಎಂದು ನೋಡಿ, ಧೂಳನ್ನು ಊದಿ, ಹೀಟ್‌ಸಿಂಕನ್ನು ಕಳಚಿ, ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ ಮತ್ತೆ ಬಿಗಿಯುವ ವಿಧಿಯು ಇಂದು ಎಷ್ಟು ವಾಡಿಕೆಯಾಗಿಬಿಟ್ಟಿದೆಯೆಂದರೆ, ಅದಕ್ಕೂ ಒಂದು ಚರಿತ್ರೆಯುಂಟೆಂಬ ಸಂಗತಿಯು ಅದನ್ನು ಮಾಡುವವರ ಮನಸ್ಸಿಗೇ ಬರುವುದಿಲ್ಲ. ಫ್ಯಾನು ಒಂದು ಕಾಲದಲ್ಲಿ ಬಂದಿತು, ಪೇಸ್ಟು ಇನ್ನೊಂದು ಕಾಲದಲ್ಲಿ, ಚಿಪ್ಪಿನೊಳಗಿನ ಉಷ್ಣಮಾಪಕವು ಮತ್ತೊಂದು ಕಾಲದಲ್ಲಿ. ಹೀಗೆ ಬೇರೆಬೇರೆ ಕಾಲದಲ್ಲಿ ಬಂದು ಸೇರಿದ ಈ ಅಂಗಗಳೆಲ್ಲವೂ ಕೂಡಿ, ಸಿಲಿಕಾನಿನ ಒಡಲಿನಲ್ಲಿ ಹುಟ್ಟಿದ ಶಾಖವನ್ನು ಕೋಣೆಯ ಗಾಳಿಗೆ ತಲಪಿಸತಕ್ಕ ಒಂದು ದಾರಿಯಾಗಿವೆ. ಆ ದಾರಿಯು ಎಲ್ಲಿ ಕಟ್ಟಿಕೊಂಡಿದೆಯೆಂದು ಹುಡುಕುವ ಹೊಣೆಯು, ಯಂತ್ರಶಾಲೆಯ ಎಂಜಿನಿಯರುಗಳ ಕೈಯಿಂದ ಕ್ರಮಕ್ರಮವಾಗಿ ಜಾರಿ ಗೃಹಸ್ಥನ ಕೈಗೆ ಬಂದ ಬಗೆಯನ್ನೂ, ಬಂದ ಮೇಲೆ ರೋಗದ ಲಕ್ಷಣಗಳೇ ಮಾರ್ಪಟ್ಟ ಬಗೆಯನ್ನೂ ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಒಂದು ಮೂಲತತ್ತ್ವವನ್ನು ಮನಸ್ಸಿಗೆ ತಂದುಕೊಳ್ಳಬೇಕು. ನೀರೆತ್ತುವ ಪಂಪಿಗೆ ಕೊಟ್ಟ ವಿದ್ಯುತ್ತಿನಲ್ಲಿ ಒಂದು ಭಾಗವಾದರೂ ಎತ್ತರದ ತೊಟ್ಟಿಯಲ್ಲಿನ ನೀರಿನಲ್ಲಿ ಶಕ್ತಿಯಾಗಿ ನೆಲೆಗೊಳ್ಳುತ್ತದೆ. ಆದರೆ ಎಣಿಕೆಯ ಯಂತ್ರಕ್ಕೆ ಕೊಟ್ಟ ವಿದ್ಯುತ್ತು, ಎಣಿಕೆಯು ಎಷ್ಟೇ ಗಹನವಾಗಿರಲಿ, ಕಟ್ಟಕಡೆಗೆ ಸಮಸ್ತವೂ ಶಾಖವಾಗಿಯೇ ಹೊರಬೀಳಬೇಕು. ನೂರು ವ್ಯಾಟು ಹೀರುವ ಪ್ರೊಸೆಸರು ನೂರು ವ್ಯಾಟಿನ ಶಾಖವನ್ನೇ ಬಿಡುತ್ತದೆ, ಅದೂ ಹೆಬ್ಬೆರಳಿನ ಉಗುರಿನಷ್ಟು ಜಾಗದಿಂದ. ಆದಕಾರಣ ಪ್ರೊಸೆಸರು ಬಿಸಿಯಾಗುವುದು ತಾನಾಗಿ ಒಂದು ದೋಷವಲ್ಲ. ಹುಟ್ಟಿದ ಶಾಖವು ಹುಟ್ಟಿದ ವೇಗದಲ್ಲಿಯೇ ಹೊರಹೋಗದೆ ನಿಂತರೆ ದೋಷವು ಆರಂಭವಾಗುತ್ತದೆ.

ಈ ಕಷ್ಟವು ಎಲೆಕ್ಟ್ರಾನಿಕ್ ಗಣಕಯಂತ್ರದ ಜೊತೆಯಲ್ಲಿಯೇ ಹುಟ್ಟಿತು. ಅಮೆರಿಕೆಯ ಫಿಲಡೆಲ್ಫಿಯಾ ನಗರದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮೂರ್ ಶಾಲೆಯಲ್ಲಿ ಪ್ರೆಸ್ಪರ್ ಎಕರ್ಟ್, ಜಾನ್ ಮಾಕ್ಲಿ ಎಂಬಿಬ್ಬರ ನೇತೃತ್ವದಲ್ಲಿ ನಿರ್ಮಾಣವಾಗಿ 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪ್ರಕಟವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಅವೆಲ್ಲವೂ ಕೂಡಿ ಸುಮಾರು 150 ಕಿಲೋವ್ಯಾಟು ವಿದ್ಯುತ್ತನ್ನು ನುಂಗಿ ಅಷ್ಟನ್ನೂ ಶಾಖವಾಗಿ ಉಗುಳುತ್ತಿದ್ದವು. ಅದನ್ನು ಹೊರಹಾಕುವ ಸಲುವಾಗಿ ಗಾಳಿಯನ್ನು ಬಲವಾಗಿ ಊದುವ ಯಂತ್ರಗಳಿದ್ದವು. ಒಳಗಿನ ಉಷ್ಣತೆಯು ಮಿತಿಮೀರಿದರೆ ವಿದ್ಯುತ್ತನ್ನು ಕಡಿದುಹಾಕುವ ಥರ್ಮೋಸ್ಟಾಟುಗಳೂ ಇದ್ದವು. ಇಷ್ಟು ವಾಲ್ವುಗಳಲ್ಲಿ ಯಾವುದಾದರೊಂದು ಸದಾ ಸುಟ್ಟೇ ಇರುವುದರಿಂದ ಯಂತ್ರವು ನಡೆಯಲಾರದೆಂದು ಶಂಕಿಸಿದವರಿಗೆ ಎಕರ್ಟನು ಕೊಟ್ಟ ಉತ್ತರವು ನನಗೆ ಬಹಳ ಮೆಚ್ಚಿಕೆಯಾದದ್ದು: ವಾಲ್ವುಗಳನ್ನು ಅವುಗಳಿಗೆ ನಿಗದಿಯಾದ ವೋಲ್ಟೇಜಿಗಿಂತ ಕೆಳಮಟ್ಟದಲ್ಲಿಯೇ ಅವನು ನಡೆಸಿದನು. ಕೆಡುವುದು ಬಹುಮಟ್ಟಿಗೆ ಕಾಯುವಾಗ ಮತ್ತು ಆರುವಾಗ ಎಂಬುದನ್ನು ಕಂಡುಕೊಂಡ ಮೇಲೆ ಯಂತ್ರವನ್ನು ಸಾಧ್ಯವಾದಮಟ್ಟಿಗೆ ಆರಿಸದೆಯೇ ಇಡುವ ಪದ್ಧತಿಯೂ ಬಂದಿತು. ಇಂದು ಬಯಾಸ್ ಎಂಬ ಯಂತ್ರದ ಮೂಲ ವ್ಯವಸ್ಥೆಯೊಳಗೆ ಹೋಗಿ ಪ್ರೊಸೆಸರಿನ ವೋಲ್ಟೇಜನ್ನು ಸ್ವಲ್ಪ ಇಳಿಸಿ ಕಾವನ್ನು ತಗ್ಗಿಸುವ ಹುಡುಗರು ನಡೆಯುತ್ತಿರುವುದು ಎಕರ್ಟನ ಹಾದಿಯಲ್ಲಿಯೇ.

ಟ್ರಾನ್ಸಿಸ್ಟರು ಬಂದು ವಾಲ್ವನ್ನು ಓಡಿಸಿದ ತರುವಾಯ ಕಾವಿನ ಕಾಟವು ತೀರಿತೆಂದು ತಿಳಿಯಲು ಕಾರಣವಿದ್ದಿತು. ಆದರೆ ವಾಲ್ವಿದ್ದ ಜಾಗದಲ್ಲಿ ನೂರಾರು ಟ್ರಾನ್ಸಿಸ್ಟರುಗಳನ್ನು ಒತ್ತೊತ್ತಾಗಿ ತುಂಬುವ ಆಸೆಯು ಬಂದೊಡನೆಯೇ ಕಾವು ಹಿಂದಿರುಗಿತು. ಸೆಮೂರ್ ಕ್ರೇ ಎಂಬ ಮಹಾಶಿಲ್ಪಿಯು ನಿರ್ಮಿಸಿ 1976ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯಕ್ಕೆ ಕಳುಹಿಸಿದ ಕ್ರೇ-1 ಯಂತ್ರದ ಮೈಯಲ್ಲಿ, ನಮ್ಮ ಫ್ರಿಜ್ಜುಗಳಲ್ಲಿದ್ದಂಥ ಫ್ರಿಯಾನ್ ಹರಿಯುತ್ತಿದ್ದಿತು. 1985ರ ಕ್ರೇ-2ರಲ್ಲಂತೂ ವಿದ್ಯುತ್ತನ್ನು ಹರಿಯಗೊಡದ ಫ್ಲೂರಿನರ್ಟ್ ಎಂಬ ದ್ರವದಲ್ಲಿ ವಿದ್ಯುನ್ಮಂಡಲಗಳನ್ನೆಲ್ಲ ಮುಳುಗಿಸಿಯೇ ಇಟ್ಟಿದ್ದರು. ಐಬಿಎಂ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ 3081 ಎಂಬ ಯಂತ್ರದ ವ್ಯವಸ್ಥೆಯು ಇನ್ನೂ ಸೂಕ್ಷ್ಮವಾದದ್ದು: ನೂರಕ್ಕೂ ಮಿಕ್ಕ ಚಿಪ್ಪುಗಳನ್ನು ಹೊರಬಲ್ಲ ಒಂದೊಂದು ಪೆಟ್ಟಿಗೆಯಲ್ಲಿಯೂ, ಪ್ರತಿಯೊಂದು ಚಿಪ್ಪಿನ ಬೆನ್ನಿಗೂ ಸ್ಪ್ರಿಂಗಿನಿಂದ ಒತ್ತಲ್ಪಟ್ಟ ಲೋಹದ ಕೊಂತವೊಂದು ತಾಗಿಕೊಂಡಿರುತ್ತಿದ್ದಿತು, ನಡುವಣ ಸಂದುಗಳಲ್ಲಿ ಗಾಳಿಗೆ ಬದಲಾಗಿ ಅದಕ್ಕಿಂತ ಚೆನ್ನಾಗಿ ಶಾಖವನ್ನು ಒಯ್ಯುವ ಹೀಲಿಯಂ ಅನಿಲವನ್ನು ತುಂಬಿದ್ದರು, ಮೇಲೆ ತಣ್ಣೀರು ಹರಿಯುವ ಫಲಕ. ಚಿಪ್ಪಿಗೆ ಲೋಹವನ್ನು ಒತ್ತಿ ಹಿಡಿಯುವುದು, ಸಂದಿನ ಗಾಳಿಯನ್ನು ಹೊರದೂಡುವುದು, ಲೋಹದಿಂದ ಶಾಖವನ್ನು ದೂರಕ್ಕೆ ಸಾಗಿಸುವುದು ಎಂಬ ಮೂರು ಕೆಲಸಗಳನ್ನೇ ಇಂದಿನ ಮನೆಯ ಕಂಪ್ಯೂಟರೂ ಮಾಡುತ್ತದೆ. ಆಗ ಅವುಗಳನ್ನು ನೋಡಿಕೊಳ್ಳಲು ಸಂಬಳದ ಎಂಜಿನಿಯರುಗಳಿದ್ದರು, ಯಂತ್ರಕ್ಕಾಗಿಯೇ ಕಟ್ಟಿದ ಕೋಣೆಯಿದ್ದಿತು.

ಆ ಕೋಣೆಯ ಸಂಪ್ರದಾಯವು ನಮ್ಮ ದೇಶಕ್ಕೂ ಬಂದಿತು. ಹವಾನಿಯಂತ್ರಣವಿಲ್ಲದೆ ಕಂಪ್ಯೂಟರಿಲ್ಲವೆಂಬ ನಂಬಿಕೆಯು ಕಚೇರಿಗಳಲ್ಲಿ ಬೇರೂರಿ, ಕಾಲೇಜುಗಳಿಗೂ ಶಾಲೆಗಳಿಗೂ ಇಳಿದು, ಚಪ್ಪಲಿಯನ್ನು ಬಾಗಿಲಲ್ಲಿ ಕಳಚಿ ಕಂಪ್ಯೂಟರ್ ಕೋಣೆಯನ್ನು ಹೊಗುವುದನ್ನು ಒಂದು ಪೀಳಿಗೆಯ ವಿದ್ಯಾರ್ಥಿಗಳೆಲ್ಲರೂ ಕಲಿತರು. ಇದನ್ನು ಕೇವಲ ಭಯಭಕ್ತಿಯೆಂದು ತಳ್ಳಿಹಾಕುವುದು ಸರಿಯಲ್ಲ. ಧೂಳು ಮತ್ತು ಸೆಕೆ ಎರಡೂ ಯಂತ್ರದ ಶತ್ರುಗಳೆಂಬ ಅನುಭವಸಿದ್ಧವಾದ ತಿಳಿವು ಆ ಆಚಾರದಲ್ಲಿ ಅಡಗಿದ್ದಿತು.

ಹಾಗಾದರೆ ಯಂತ್ರವು ಆ ಕೋಣೆಯನ್ನು ಬಿಟ್ಟು ಮನೆಯ ಮೇಜಿಗೆ ಬಂದದ್ದು ಹೇಗೆ? ಗೋರ್ಡನ್ ಮೂರ್ ಎಂಬಾತನು, ಚಿಪ್ಪಿನ ಮೇಲಣ ಬಿಡಿಭಾಗಗಳ ಸಂಖ್ಯೆಯು ವರ್ಷವರ್ಷವೂ ದ್ವಿಗುಣವಾಗುವುದೆಂದು 1965ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿಯೇ, ಒಂದು ಚೂರು ಸಿಲಿಕಾನಿನಲ್ಲಿ ಹುಟ್ಟುವ ಅಷ್ಟೊಂದು ಶಾಖವನ್ನು ತೆಗೆಯಲಾದೀತೆ ಎಂಬ ಪ್ರಶ್ನೆಯನ್ನು ತಾನೇ ಎತ್ತಿ, ಆಗಬಹುದೆಂದು ಉತ್ತರಿಸಿದ್ದನು. ಆ ಉತ್ತರಕ್ಕೆ ಗಣಿತದ ಬಲವನ್ನು ಕೊಟ್ಟವನು ಐಬಿಎಂನ ರಾಬರ್ಟ್ ಡೆನಾರ್ಡ್. ಅವನೂ ಅವನ ಸಂಗಡಿಗರೂ 1974ರಲ್ಲಿ ತೋರಿಸಿದ್ದಿಷ್ಟು: ಟ್ರಾನ್ಸಿಸ್ಟರಿನ ಅಳತೆಯನ್ನು ಕುಗ್ಗಿಸುವ ಪ್ರಮಾಣದಲ್ಲಿಯೇ ಅದರ ವೋಲ್ಟೇಜನ್ನೂ ಕುಗ್ಗಿಸುತ್ತ ಹೋದರೆ, ಟ್ರಾನ್ಸಿಸ್ಟರುಗಳು ಹೆಚ್ಚಾಗಿ, ವೇಗವೂ ಹೆಚ್ಚಿ, ಆದರೂ ಒಂದು ಚದರ ಮಿಲಿಮೀಟರಿನಿಂದ ಹೊರಡುವ ಶಾಖವು ಮೊದಲಿನಷ್ಟೇ ಇರುತ್ತದೆ. ಚಿಪ್ಪು ಹೀರುವ ಶಕ್ತಿಯು ವೇಗದೊಡನೆ ಅದೇ ಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜಿನೊಡನೆಯಾದರೋ ಅದರ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಆದಕಾರಣ ವೋಲ್ಟೇಜನ್ನು ಇಳಿಸುವುದು ಎಲ್ಲಕ್ಕಿಂತ ಫಲಕಾರಿಯಾದ ಉಪಾಯ. ಮನೆಯ ಕಂಪ್ಯೂಟರಿನ ಸುವರ್ಣಕಾಲವೆಂದು ಹೇಳಬಹುದಾದ ಮೂರು ದಶಕಗಳು ಈ ಒಂದು ನಿಯಮದ ನೆರಳಿನಲ್ಲಿ ಕಳೆದವು.

ಇಂಟೆಲಿನ ಮೊದಲ ಮೈಕ್ರೋಪ್ರೊಸೆಸರಾದ 4004, 1971ರಲ್ಲಿ 2,300 ಟ್ರಾನ್ಸಿಸ್ಟರುಗಳೊಡನೆ ಬಂದಾಗ ಅದರ ಕಾವು ಗಣನೆಗೇ ಬರುವಂಥದಾಗಿರಲಿಲ್ಲ. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರು 4.77 ಮೆಗಾಹರ್ಟ್ಸ್ ವೇಗದಲ್ಲಿ, ತಲೆಯ ಮೇಲೆ ಒಂದು ಚೂರು ಲೋಹವೂ ಇಲ್ಲದೆ ಬರಿಮೈಯಲ್ಲಿ ನಡೆಯುತ್ತಿದ್ದಿತು. ಇಡೀ ಯಂತ್ರದ ವಿದ್ಯುತ್ ಪೂರೈಕೆಯೇ 63.5 ವ್ಯಾಟಿನದು, ಇದ್ದ ಫ್ಯಾನೂ ಆ ವಿದ್ಯುತ್ ಪೂರೈಕೆಯ ಪೆಟ್ಟಿಗೆಯದೇ. ಮುಂದೆ ಬಂದ ಇಂಟೆಲಿನ 486 ಪ್ರೊಸೆಸರಿನ ವೇಗವು ಏರುತ್ತ ಬಂದ ಹಾಗೆ ಅದರ ಬೆನ್ನಿಗೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳು ಮೂಡಿದವು. 1993ರಲ್ಲಿ ಬಂದ ಮೊದಲ ಪೆಂಟಿಯಮ್ಮುಗಳು 5 ವೋಲ್ಟಿನಲ್ಲಿ ನಡೆದು 15 ವ್ಯಾಟಿನ ಆಸುಪಾಸಿನಲ್ಲಿ ಕಾದಾಗ, ರೆಕ್ಕೆಗಳ ಮೇಲೆ ಒಂದು ಪುಟ್ಟ ಫ್ಯಾನು ಕುಳಿತಿತು. ಮುಂದಿನ ವರ್ಷವೇ ವೋಲ್ಟೇಜನ್ನು 3.3ಕ್ಕೆ ಇಳಿಸಿದರು. ತಿರುಗುವ ಭಾಗವೊಂದು ಪ್ರೊಸೆಸರಿನ ಜೀವಕ್ಕೆ ಆಧಾರವಾದದ್ದು ಇಲ್ಲಿಂದ ಮುಂದಕ್ಕೆ. ಸಿಲಿಕಾನಿಗೆ ಸವೆತವೆಂಬುದು ಇಲ್ಲವೆನ್ನುವಷ್ಟು ಅಲ್ಪ. ಫ್ಯಾನಿನ ಬೇರಿಂಗಿಗಾದರೋ ಎಣ್ಣೆ ಒಣಗುವುದುಂಟು, ಧೂಳು ಮೆತ್ತುವುದುಂಟು, ಕರಕರ ಸದ್ದು ಮಾಡುತ್ತ ಒಂದು ದಿನ ನಿಂತೇಹೋಗುವುದುಂಟು. ಕಾವಿನ ದೂರು ಬಂದಾಗ ಮೊದಲು ಫ್ಯಾನನ್ನು ನೋಡುವ ರೂಢಿಯು ಆ ಕಾಲದಿಂದ ಬಂದದ್ದು, ಇಂದಿಗೂ ಸರಿಯಾದದ್ದು.

ಇನ್ನು ಆಟಗಾರನ ಪ್ರವೇಶ. 1998ರ ಆಗಸ್ಟಿನಲ್ಲಿ ಇಂಟೆಲ್ ಸಂಸ್ಥೆಯು ಅಗ್ಗದ ಯಂತ್ರವನ್ನು ಬಯಸುವ ಗಿರಾಕಿಗಳಿಗೆಂದು ಸೆಲೆರಾನ್ 300ಎ ಎಂಬ ಪ್ರೊಸೆಸರನ್ನು ಮಾರುಕಟ್ಟೆಗೆ ಬಿಟ್ಟಿತು. ಮದರ್‌ಬೋರ್ಡಿನ ಬಸ್ ವೇಗವನ್ನು 66 ಮೆಗಾಹರ್ಟ್ಸಿನಿಂದ 100ಕ್ಕೆ ಏರಿಸಿದ ಮಾತ್ರಕ್ಕೆ ಈ 300 ಮೆಗಾಹರ್ಟ್ಸಿನ ಚಿಪ್ಪು ಬಹುಪಾಲು 450ರಲ್ಲಿ ನಿರಾತಂಕವಾಗಿ ಓಡುತ್ತದೆಂಬುದು ತಿಳಿದಾಗ, ಅದೇ ದಿನಗಳಲ್ಲಿ ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರುತ್ತಿದ್ದ 450ರ ಪೆಂಟಿಯಮ್-2ಕ್ಕೆ ಹಣವಿಲ್ಲದ ಹುಡುಗರ ಸಂತೋಷಕ್ಕೆ ಪಾರವಿಲ್ಲದಾಯಿತು. ತೈವಾನಿನ ಅಬಿಟ್ ಮುಂತಾದ ಸಂಸ್ಥೆಗಳು ಜಂಪರುಗಳನ್ನು ಕಿತ್ತು ಸಿಕ್ಕಿಸುವ ಕಷ್ಟವನ್ನು ತಪ್ಪಿಸಿ, ವೇಗವನ್ನೂ ವೋಲ್ಟೇಜನ್ನೂ ಬಯಾಸಿನಲ್ಲಿಯೇ ಬದಲಾಯಿಸುವ ಅನುಕೂಲವನ್ನು ಕಲ್ಪಿಸಿದವು. ಓವರ್‌ಕ್ಲಾಕಿಂಗ್ ಎಂಬ ಈ ಹವ್ಯಾಸದ ಬಗೆಗೆ ಗಂಭೀರರಾದ ಎಂಜಿನಿಯರುಗಳಿಗೆ ಅಂದು ಅನಾದರವಿದ್ದಿತು. ಆದರೆ ಕಾವಿನ ಶಾಸ್ತ್ರವನ್ನು ಜನಸಾಮಾನ್ಯರಿಗೆ ಕಲಿಸಿದ ಪಾಠಶಾಲೆ ಅದೇ ಎಂದು ನನ್ನ ದೃಢವಾದ ಅಭಿಪ್ರಾಯ. ವೇಗವನ್ನು ಏರಿಸಿದವನಿಗೆ ವೋಲ್ಟೇಜನ್ನು ಏರಿಸಬೇಕಾಗುತ್ತಿದ್ದಿತು, ವೋಲ್ಟೇಜನ್ನು ಏರಿಸಿದವನಿಗೆ ತಂಪನ್ನು ಹೆಚ್ಚಿಸಬೇಕಾಗುತ್ತಿದ್ದಿತು. ಹಳೆಯ ಕಾರುಗಳ ಹೀಟರಿನೊಳಗಿನ ರೇಡಿಯೇಟರನ್ನು ಕಿತ್ತು, ಮೀನಿನ ತೊಟ್ಟಿಯ ಪಂಪನ್ನು ಜೋಡಿಸಿ, ಕೈಯಾರೆ ಕೊರೆದ ತಾಮ್ರದ ತುಂಡನ್ನು ಪ್ರೊಸೆಸರಿನ ಮೇಲಿಟ್ಟು, ಕ್ರೇ ಮತ್ತು ಐಬಿಎಂ ಯಂತ್ರಶಾಲೆಗಳ ವೈಭವವನ್ನು ಅಮೆರಿಕೆ ಮತ್ತು ಯೂರೋಪಿನ ಹವ್ಯಾಸಿಗಳು ಮಲಗುವ ಕೋಣೆಗೆ ತಂದುಕೊಂಡರು.

ಪೇಸ್ಟಿನ ಮಹಿಮೆಯನ್ನು ಮನೆಮನೆಗೆ ಮುಟ್ಟಿಸಿದವರೂ ಅವರೇ. ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹದ ಮೈಗಳು ಒಂದಕ್ಕೊಂದು ತಾಗುವುದು ಅಲ್ಲೊಂದು ಇಲ್ಲೊಂದು ದಿಬ್ಬದ ತುದಿಯಲ್ಲಿ ಮಾತ್ರ. ಮಿಕ್ಕ ಕಡೆಯೆಲ್ಲ ಗಾಳಿಯು ತುಂಬಿರುತ್ತದೆ. ತಾಮ್ರವು ಶಾಖವನ್ನು ಒಯ್ಯುವ ಶಕ್ತಿಗೆ ಹೋಲಿಸಿದರೆ ಗಾಳಿಯದು ಸುಮಾರು ಹದಿನೈದು ಸಾವಿರದಲ್ಲೊಂದು ಪಾಲು. ಸಿಲಿಕೋನಿನಲ್ಲಿ ಸತುವಿನ ಆಕ್ಸೈಡನ್ನು ಕಲಸಿದ ಬಿಳಿಯ ಲೇಪವು ರೇಡಿಯೋ ರಿಪೇರಿಯವರಿಗೆ ಮೊದಲಿನಿಂದಲೂ ಗೊತ್ತಿದ್ದ ವಸ್ತು. ಬೆಳ್ಳಿಯ ಕಣಗಳನ್ನು ಬೆರೆಸಿದ ಪೇಸ್ಟುಗಳು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಹವ್ಯಾಸಿಗಳ ಪೆಟ್ಟಿಗೆ ಸೇರಿದವು. ಪೇಸ್ಟಿನ ಕೆಲಸವು ಸಂದಿನ ಗಾಳಿಯನ್ನು ಹೊರದೂಡುವುದಷ್ಟೆ; ಲೋಹಕ್ಕೆ ಲೋಹವು ತಾಗುವ ಕಡೆ ಅದು ಅಡ್ಡಿಯೇ. ಆದಕಾರಣ ಧಾರಾಳವಾಗಿ ಮೆತ್ತುವುದರಿಂದ ಲಾಭವಿಲ್ಲ. ವರ್ಷಗಳು ಕಳೆದ ಹಾಗೆ, ಕಾದು ಆರುವ ಹಿಗ್ಗು ಕುಗ್ಗುಗಳಲ್ಲಿ ಅದು ಅಂಚಿಗೆ ಸರಿಯುವುದೂ ಒಣಗುವುದೂ ಸಹಜ.

ಈ ಚರಿತ್ರೆಯ ಅತ್ಯಂತ ಉಗ್ರವಾದ ಘಟ್ಟವು 2000ದಿಂದ 2004ರ ವರೆಗಿನದು. ಎಎಂಡಿ ಸಂಸ್ಥೆಯ ಅಥ್ಲಾನ್ ಪ್ರೊಸೆಸರುಗಳು ಆಟಗಾರರ ಪ್ರೀತಿಯನ್ನು ಗೆದ್ದಿದ್ದ ಕಾಲವದು. 2001ರಲ್ಲಿ ಬಂದ 1.4 ಗಿಗಾಹರ್ಟ್ಸಿನ ಅಥ್ಲಾನ್ 72 ವ್ಯಾಟಿನವರೆಗೆ ಕಾಯುತ್ತಿದ್ದಿತು. ಅದರ ಸಿಲಿಕಾನ್ ತುಣುಕು ಯಾವ ಲೋಹದ ಮುಚ್ಚಳವೂ ಇಲ್ಲದೆ ಬತ್ತಲೆಯಾಗಿದ್ದು, ಹೀಟ್‌ಸಿಂಕಿನ ಬಿಗಿಯಾದ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಸಿಕ್ಕಿಸುವಾಗ ಸ್ವಲ್ಪ ಓರೆಯಾದರೂ ಮೂಲೆಯು ಚಕ್ಕೆಯೆದ್ದುಹೋಗುತ್ತಿದ್ದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಜಾಲಪತ್ರಿಕೆಯವರು ಒಂದು ಪ್ರಯೋಗವನ್ನು ಮಾಡಿ ಅದರ ಚಲಚ್ಚಿತ್ರವನ್ನು ಪ್ರಕಟಿಸಿದರು: ಕ್ವೇಕ್-3 ಆಟವು ಓಡುತ್ತಿರುವಂತೆಯೇ ಪ್ರೊಸೆಸರಿನ ಮೇಲಿನ ಹೀಟ್‌ಸಿಂಕನ್ನು ಕಿತ್ತು ತೆಗೆದರೆ ಏನಾಗುವುದೆಂಬುದು ಪರೀಕ್ಷೆಯ ವಿಷಯ. ಪೆಂಟಿಯಮ್-4 ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು, ಚಿತ್ರಗಳು ಕುಂಟಿದರೂ ಆಟವನ್ನು ನಿಲ್ಲಿಸದೆ ಮುಂದುವರಿಸಿತು. ಪೆಂಟಿಯಮ್-3 ಹ್ಯಾಂಗ್ ಆಯಿತು, ಆದರೆ ಬದುಕಿತು. ಎರಡು ಅಥ್ಲಾನ್‌ಗಳು ಮಾತ್ರ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸುಟ್ಟುಹೋದವು. ಅವುಗಳಲ್ಲಿ ಒಂದಕ್ಕೆ ಒಳಗೇ ಉಷ್ಣಮಾಪಕವಿದ್ದರೂ, ಅದರ ಸೂಚನೆಯನ್ನು ಓದಿ ವಿದ್ಯುತ್ತನ್ನು ಕಡಿಯಬೇಕಾದ ಮದರ್‌ಬೋರ್ಡು ಅಷ್ಟು ವೇಗವಾಗಿ ಎಚ್ಚರಗೊಳ್ಳಲಿಲ್ಲ.

ಹೀಟ್‌ಸಿಂಕು ಆಟದ ನಡುವೆ ತಾನಾಗಿ ಕಳಚಿ ಬೀಳುವುದು ಅಪರೂಪವೆಂದೂ, ಈ ಪರೀಕ್ಷೆಯು ನ್ಯಾಯವಾದದ್ದಲ್ಲವೆಂದೂ ಆಗ ವಾದಿಸಿದವರಿದ್ದರು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಅದರ ಪರಿಣಾಮವು ಒಳ್ಳೆಯದೇ ಆಯಿತೆಂದು ಹೇಳಬೇಕು. 2003ರ ಸೆಪ್ಟೆಂಬರಿನಲ್ಲಿ ಬಂದ ಅಥ್ಲಾನ್ 64 ಲೋಹದ ಮುಚ್ಚಳವನ್ನು ಹೊದ್ದು, ಮಿತಿಮೀರಿದರೆ ತಾನೇ ನಿಲ್ಲುವ ವ್ಯವಸ್ಥೆಯೊಡನೆ ಬಂದಿತು. ಆಮೇಲೆ ಪ್ರೊಸೆಸರು ಸುಡುವುದೆಂಬುದು ಬಹುಮಟ್ಟಿಗೆ ಇತಿಹಾಸಕ್ಕೆ ಸೇರಿದ ಮಾತಾಯಿತು. ಆದರೆ ಅಂದಿನಿಂದ ರೋಗವನ್ನು ಗುರುತಿಸುವ ಕೆಲಸವು ಕಠಿನವಾಯಿತು. ಮೊದಲು ಹೊಗೆ ಬರುತ್ತಿದ್ದಿತು. ಈಗ ಸೆಕೆಂಡಿಗೆ ನೂರರಂತೆ ಬರುತ್ತಿದ್ದ ಫ್ರೇಮುಗಳು ಐವತ್ತಕ್ಕಿಳಿಯುತ್ತವೆ, ಅಷ್ಟೆ. ಆಟಗಾರನು ಗ್ರಾಫಿಕ್ಸ್ ಕಾರ್ಡನ್ನು ಸಂಶಯಿಸುತ್ತಾನೆ, ಆಟವನ್ನು ಬರೆದವರನ್ನು ದೂರುತ್ತಾನೆ, ವಿಂಡೋಸನ್ನು ಹೊಸದಾಗಿ ಹಾಕಿಸುತ್ತಾನೆ. ಪ್ರೊಸೆಸರು ತನ್ನನ್ನು ತಾನು ರಕ್ಷಿಸಿಕೊಳ್ಳಲು ನಿಧಾನಗೊಂಡಿದೆಯೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಉಷ್ಣತೆಯೊಂದನ್ನೇ ನೋಡದೆ, ಅದರ ಪಕ್ಕದಲ್ಲಿ ಕ್ಲಾಕ್ ವೇಗವನ್ನೂ ಇಟ್ಟುಕೊಂಡು ಎರಡನ್ನೂ ಕೂಡಿಯೇ ಓದಬೇಕೆಂಬ ನಿಯಮವು ಈ ಕಾರಣದಿಂದ ಬಂದಿತು.

ಅಷ್ಟರಲ್ಲಿ ಡೆನಾರ್ಡನ ನೆರಳು ಸರಿಯುತ್ತಲಿದ್ದಿತು. ವೋಲ್ಟೇಜು 5ರಿಂದ 3.3ಕ್ಕೆ, ಅಲ್ಲಿಂದ 2ಕ್ಕೆ, ಮುಂದೆ 1.4ರ ಹತ್ತಿರಕ್ಕೆ ಇಳಿದು ನಿಂತಿತು. ಇನ್ನೂ ಇಳಿಸಹೋದರೆ ಮುಚ್ಚಿದ ಟ್ರಾನ್ಸಿಸ್ಟರಿನಿಂದಲೂ ವಿದ್ಯುತ್ತು ಸೋರತೊಡಗುತ್ತದೆ, ಆ ಸೋರಿಕೆಯು ಕಾವಿನೊಡನೆ ಹೆಚ್ಚುತ್ತದೆ, ಹೆಚ್ಚಿದ ಸೋರಿಕೆಯು ಮತ್ತೆ ಕಾವನ್ನು ಹೆಚ್ಚಿಸುತ್ತದೆ. ಇಂಟೆಲಿನ ಪ್ಯಾಟ್ ಗೆಲ್ಸಿಂಗರ್ 2001ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿದ್ವತ್ಸಭೆಯಲ್ಲಿ, ಹೀಗೆಯೇ ಮುಂದುವರಿದರೆ ಚಿಪ್ಪಿನ ಶಾಖಸಾಂದ್ರತೆಯು ಮೊದಲು ಅಣುಸ್ಥಾವರವನ್ನೂ, ತರುವಾಯ ರಾಕೆಟ್ಟಿನ ಬಾಯನ್ನೂ, ಕೊನೆಗೆ ಸೂರ್ಯನ ಮೇಲ್ಮೈಯನ್ನೂ ಸರಿಗಟ್ಟುವುದೆಂದು ಎಚ್ಚರಿಸಿದನು. ಆದರೂ ಅವನ ಸಂಸ್ಥೆಯೇ 2004ರ ಫೆಬ್ರವರಿಯಲ್ಲಿ ಪ್ರೆಸ್ಕಾಟ್ ಎಂಬ ಪೆಂಟಿಯಮ್-4ನ್ನು ತಂದಿತು. 90 ನ್ಯಾನೊಮೀಟರಿನ ಸೂಕ್ಷ್ಮತೆಗೆ ಇಳಿದಿದ್ದರೂ 3.4 ಗಿಗಾಹರ್ಟ್ಸಿನ ಪ್ರೆಸ್ಕಾಟಿನ ಕಾವು, ಅದೇ ವೇಗದ ಹಿಂದಿನ ಚಿಪ್ಪಿನ 89 ವ್ಯಾಟಿನಿಂದ 103 ವ್ಯಾಟಿಗೆ ಏರಿದ್ದಿತು. ಕುಗ್ಗಿದ ಚಿಪ್ಪು ತಂಪಾಗಬೇಕೆಂಬ ಮೂವತ್ತು ವರ್ಷಗಳ ನಂಬಿಕೆಯು ಅಲ್ಲಿಗೆ ಮುರಿಯಿತು. ಮುಂದಿನ ಪೀಳಿಗೆಯೆಂದು ಸಿದ್ಧವಾಗುತ್ತಿದ್ದ ತೇಜಸ್ ಯೋಜನೆಯನ್ನು ಆ ಮೇ ತಿಂಗಳಲ್ಲಿ ಕೈಬಿಟ್ಟರು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಚಿಪ್ಪನ್ನೂ ಕೈಬಿಟ್ಟು, ಸಂಸ್ಥೆಯ ಮುಖ್ಯಸ್ಥನಾದ ಕ್ರೇಗ್ ಬ್ಯಾರೆಟ್ ತುಂಬಿದ ಸಭೆಯೆದುರು ಮಂಡಿಯೂರಿ ಕ್ಷಮೆ ಕೇಳಿದನು. ಒಂದೇ ಚಿಪ್ಪಿನಲ್ಲಿ ನಿಧಾನವಾಗಿ ಓಡುವ ಹಲವು ಕೋರುಗಳನ್ನಿಡುವ ದಾರಿಯು ಹೀಗೆ ಅನಿವಾರ್ಯವಾಯಿತು. 2006ರ ಕೋರ್-2 ಡ್ಯುಯೋ 65 ವ್ಯಾಟಿಗೆ ಇಳಿದು ಬಂದಾಗ ಆಟಗಾರರು ನಿಟ್ಟುಸಿರುಬಿಟ್ಟರು.

ಪ್ರೆಸ್ಕಾಟಿನ ಕಾಲವು ಬಿಟ್ಟುಹೋದ ಒಂದು ವಸ್ತುವನ್ನು ರಿಪೇರಿ ಅಂಗಡಿಯವರು ಇಂದಿಗೂ ಮರೆತಿಲ್ಲ. 2004ರಲ್ಲಿ ಬಂದ 775 ಕಾಲಿನ ಸಾಕೆಟ್ಟಿನೊಡನೆ ಇಂಟೆಲ್ ಕೊಡಲಾರಂಭಿಸಿದ ಕೂಲರನ್ನು ಮದರ್‌ಬೋರ್ಡಿಗೆ ಹಿಡಿದಿಡುತ್ತಿದ್ದುದು ನಾಲ್ಕು ಪ್ಲಾಸ್ಟಿಕ್ಕಿನ ಪುಶ್‌ಪಿನ್ನುಗಳು. ನಾಲ್ಕರಲ್ಲಿ ಒಂದು ಪೂರ್ತಿಯಾಗಿ ಕೂಡದಿದ್ದರೂ ಕೂಲರು ಕಣ್ಣಿಗೆ ತಿಳಿಯದಷ್ಟು ಓರೆಯಾಗಿ ನಿಂತು, ಫ್ಯಾನು ಭರದಿಂದ ತಿರುಗುತ್ತಿದ್ದರೂ ಪ್ರೊಸೆಸರು ಕಾಯುತ್ತಿದ್ದಿತು. ಈ ಬಗೆಯ ದೋಷಕ್ಕೆ ಒಂದು ಖಚಿತವಾದ ಗುರುತುಂಟು: ಯಂತ್ರವನ್ನು ಹೊತ್ತಿಸಿದ ಕೆಲವೇ ಕ್ಷಣಗಳಲ್ಲಿ, ಇನ್ನೂ ಬಯಾಸಿನಲ್ಲಿರುವಾಗಲೇ, ಉಷ್ಣತೆಯು ಎಂಬತ್ತು ತೊಂಬತ್ತಕ್ಕೆ ನೆಗೆಯುತ್ತದೆ, ಹೀಟ್‌ಸಿಂಕಿನ ರೆಕ್ಕೆಗಳನ್ನು ಮುಟ್ಟಿದರೆ ಅವು ತಣ್ಣಗಿರುತ್ತವೆ. ಶಾಖವು ಲೋಹಕ್ಕೆ ಬಂದೇ ಇಲ್ಲವೆಂದು ಅದರ ಅರ್ಥ. ಹೊಸ ಕೂಲರಿನ ತಳಕ್ಕೆ ಅಂಟಿಸಿರುವ ರಕ್ಷಣೆಯ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಜೋಡಿಸಿದರೂ ಇದೇ ಲಕ್ಷಣವು ಕಾಣುತ್ತದೆ. ಇದಕ್ಕೆ ಪ್ರತಿಯಾಗಿ ರೆಕ್ಕೆಗಳು ಕೈಯಿಡಲಾರದಷ್ಟು ಬಿಸಿಯಾಗಿದ್ದು, ಉಷ್ಣತೆಯು ಆಟವಾಡುತ್ತ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಮೆಲ್ಲಮೆಲ್ಲನೆ ಏರಿದರೆ, ಪೇಸ್ಟೂ ಪಿನ್ನುಗಳೂ ನಿರ್ದೋಷಿಗಳು. ಗಾಳಿಯ ದಾರಿಯಲ್ಲಿ ತಡೆಯಿದೆ. ಪಕ್ಕದ ತಗಡನ್ನು ತೆಗೆದಿಟ್ಟು ಮತ್ತೆ ಆಡಿದಾಗ ಹತ್ತು ಡಿಗ್ರಿ ಇಳಿದರೆ ಅನುಮಾನವು ನಿಶ್ಚಯವಾಗುತ್ತದೆ.

ಗಾಳಿಯ ದಾರಿಗೂ ತನ್ನದೇ ಚರಿತ್ರೆಯುಂಟು. 1995ರಲ್ಲಿ ಎಟಿಎಕ್ಸ್ ಮಾದರಿಯನ್ನು ರೂಪಿಸಿದಾಗ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಮೇಲೆ ಊದಬೇಕೆಂದಿದ್ದಿತು. ತಾನೇ ಬಿಸಿಯಾದ ಪೆಟ್ಟಿಗೆಯ ಮೂಲಕ ಬಂದ ಗಾಳಿಯಿಂದ ಪ್ರೊಸೆಸರಿಗೆ ತಂಪಾಗದೆಂದು ಕಂಡು, ಮುಂದುಗಡೆಯಿಂದ ಎಳೆದು ಹಿಂದುಗಡೆಗೆ ದೂಡುವ ಕ್ರಮವೇ ಮುಂದೆ ನಿಂತಿತು. ಏರುತ್ತಿದ್ದ ಕಾವನ್ನು ಎದುರಿಸಲೆಂದು ಇಂಟೆಲ್ ರೂಪಿಸಿದ ಬಿಟಿಎಕ್ಸ್ ಎಂಬ ಹೊಸ ಮಾದರಿಯು, ಪ್ರೊಸೆಸರಿನ ಕಾವು ಇಳಿದೊಡನೆ ತನ್ನ ಅಗತ್ಯವನ್ನೇ ಕಳೆದುಕೊಂಡು ಮಾಯವಾಯಿತು.

ಬೆಂಗಳೂರಿನಲ್ಲಿ ಪುರಭವನದಿಂದ ಅನತಿದೂರದಲ್ಲಿರುವ ಎಸ್.ಪಿ. ರಸ್ತೆಯು ಬಿಡಿಭಾಗಗಳನ್ನು ಕೊಂಡು ಕಂಪ್ಯೂಟರನ್ನು ಅಸೆಂಬಲ್ ಮಾಡಿಸುವವರ ಯಾತ್ರಾಸ್ಥಳವಾಗಿ ಬೆಳೆದದ್ದೂ ಈ ಕಾಲದಲ್ಲಿಯೇ. ಯಂತ್ರವು ಹವಾನಿಯಂತ್ರಿತ ಕೋಣೆಯನ್ನು ಬಿಟ್ಟು ಮನೆಯ ನಡುಮನೆಗೆ ಬಂದಾಗ ನಮ್ಮ ಹವೆಯೂ ಧೂಳೂ ಅದರ ಸಂಸಾರಕ್ಕೆ ಸೇರಿದವು. ಕೂಲರಿಗೆ ತಿಳಿದಿರುವುದು ಸುತ್ತಣ ಗಾಳಿಗಿಂತ ಎಷ್ಟು ಮೇಲೆ ಎಂಬುದು ಮಾತ್ರ. ನೂರು ವ್ಯಾಟಿಗೆ ಗಾಳಿಗಿಂತ ನಲವತ್ತು ಡಿಗ್ರಿ ಮೇಲೆ ಪ್ರೊಸೆಸರನ್ನು ನಿಲ್ಲಿಸಬಲ್ಲ ಕೂಲರು, ಮಾಗಿಯ ಬೆಂಗಳೂರಿನ ಇಪ್ಪತ್ತು ಡಿಗ್ರಿಯಲ್ಲಿ ಅರವತ್ತನ್ನು ತೋರಿಸಿದರೆ, ವೈಶಾಖದ ಕಲಬುರಗಿಯ ನಲವತ್ತೆರಡರಲ್ಲಿ ಎಂಬತ್ತೆರಡನ್ನು ತೋರಿಸುತ್ತದೆ. ತಂಪು ದೇಶದಲ್ಲಿ ಬರೆದ ಅಂಕಿಗಳನ್ನು ಓದಿ, ತನ್ನ ಯಂತ್ರವು ಕೆಟ್ಟಿದೆಯೆಂದು ಗಾಬರಿಗೊಳ್ಳುವವನು ಮೊದಲು ತನ್ನ ಕೋಣೆಯ ಉಷ್ಣತೆಯನ್ನು ಕಳೆದು ನೋಡಬೇಕು. ಧೂಳಿನ ವಿಷಯದಲ್ಲಿ ಮಾತ್ರ ಅವನ ಗಾಬರಿಯು ಬಹುಶಃ ಸರಿಯೇ. ಕೂದಲು, ಹತ್ತಿಯ ಎಳೆ, ಕೆಮ್ಮಣ್ಣಿನ ಹುಡಿ ಸೇರಿ ಫ್ಯಾನಿನ ಅಡಿಯಲ್ಲಿ, ರೆಕ್ಕೆಗಳ ತಲೆಯ ಮೇಲೆ, ಹೊರಗಿನಿಂದ ಕಾಣದ ಹಾಗೆ ಹಾಸಿಕೊಂಡಿರುತ್ತದೆ. ಫ್ಯಾನನ್ನು ಕಳಚದೆ ಮೇಲಿಂದ ಊದಿದರೆ ಅದು ಹೋಗುವುದಿಲ್ಲ.

ಕಾವಿನ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಗಳಿಗೆ ಯಂತ್ರವನ್ನು ಪೂರ್ಣವಾಗಿ ದುಡಿಸಬೇಕಾಗುತ್ತದೆ; ಅದಕ್ಕೆ ಒದಗಿಬಂದ ಸಾಧನವು ಶುದ್ಧ ಗಣಿತದ ಕಡೆಯಿಂದ ಬಂದಿತೆಂಬುದು ಸಂತೋಷದ ವಿಷಯ. ಹದಿನೇಳನೆಯ ಶತಮಾನದ ಫ್ರಾನ್ಸಿನ ಸಂನ್ಯಾಸಿ ಮಾರಿನ್ ಮೆರ್ಸೆನ್ನನ ಹೆಸರಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಆರಂಭಿಸಿದ ಸಹಕಾರ ಯೋಜನೆಯ ಪ್ರೈಮ್95 ಎಂಬ ಕಾರ್ಯಕ್ರಮವು ಪ್ರೊಸೆಸರನ್ನು ಎಷ್ಟು ಬಿಡುವಿಲ್ಲದೆ ದುಡಿಸುತ್ತದೆಂದರೆ, ಅವಿಭಾಜ್ಯ ಸಂಖ್ಯೆಗಳ ಹಂಬಲವೇ ಇಲ್ಲದವರೂ ಕಾವಿನ ಪರೀಕ್ಷೆಗಾಗಿ ಅದನ್ನು ಓಡಿಸುತ್ತ ಬಂದಿದ್ದಾರೆ. ಸಾಮಾನ್ಯವಾದ ಯಾವ ಆಟವೂ ಅಷ್ಟು ಕಾಯಿಸುವುದಿಲ್ಲವಾದ್ದರಿಂದ ಅದರಲ್ಲಿ ಕಂಡ ಅಂಕಿಯನ್ನು ಆಟದ ಅಂಕಿಯೆಂದು ಭ್ರಮಿಸಬಾರದು.

ಸಿಲಿಕಾನಿನಿಂದ ಗಾಳಿಗೆ ಹೋಗುವ ಶಾಖದ ದಾರಿಯ ಮಧ್ಯಭಾಗವು ಬದಲಾದದ್ದು ಈಚಿನ ಇಪ್ಪತ್ತು ವರ್ಷಗಳಲ್ಲಿ. ಲಾಸ್ ಅಲಮೋಸಿನಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ವ್ಯೋಮನೌಕೆಗಳ ಉಪಯೋಗವನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಧಿಸಿದ ಹೀಟ್‌ಪೈಪು, ಮೇಜಿನ ಯಂತ್ರದ ಕೂಲರುಗಳಿಗೆ ಇಳಿದುಬಂದಿತು. ಮುಚ್ಚಿದ ತಾಮ್ರದ ಕೊಳವೆಯೊಳಗೆ ಕಡಿಮೆ ಒತ್ತಡದಲ್ಲಿರುವ ಸ್ವಲ್ಪ ನೀರು ಬಿಸಿಯ ತುದಿಯಲ್ಲಿ ಆವಿಯಾಗಿ, ಇಡ್ಲಿಯ ಪಾತ್ರೆಯ ಮುಚ್ಚಳದಡಿಯಲ್ಲಿ ಹಬೆಯು ಹನಿಗೂಡುವಂತೆ ತಣ್ಣನೆಯ ತುದಿಯಲ್ಲಿ ನೀರಾಗಿ, ಒಳಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಹಿಂದಿರುಗುತ್ತದೆ; ತಿರುಗುವ ಭಾಗವೊಂದೂ ಅದರಲ್ಲಿಲ್ಲ. 2009ರಲ್ಲಿ ಕೋರ್ಸೇರ್ ಸಂಸ್ಥೆಯು ಡೆನ್ಮಾರ್ಕಿನ ಅಸೆಟೆಕ್ ತಯಾರಿಸಿದ ಎಚ್50 ಎಂಬ ಮೊಹರುಹಾಕಿದ ನೀರಿನ ಕೂಲರನ್ನು ಮಾರಲಾರಂಭಿಸಿದಾಗ, ಹವ್ಯಾಸಿಗಳ ಮೀನುತೊಟ್ಟಿಯ ಪಂಪು ಅಂಗಡಿಯ ಸರಕಾಯಿತು. ಇದರೊಡನೆ ಹೊಸ ರೋಗವೂ ಬಂದಿತು. ಪಂಪು ಪ್ರೊಸೆಸರಿನ ತಲೆಯ ಮೇಲೆ ಮುಚ್ಚಿದ ಡಬ್ಬಿಯಲ್ಲಿ ತಿರುಗುವುದರಿಂದ ಅದು ನಿಂತದ್ದು ಕಣ್ಣಿಗೆ ಕಾಣುವುದಿಲ್ಲ. ರೇಡಿಯೇಟರಿನ ಫ್ಯಾನುಗಳು ಎಂದಿನಂತೆ ತಿರುಗುತ್ತಿರುತ್ತವೆ. ಎರಡು ಕೊಳವೆಗಳನ್ನೂ ಕೈಯಿಂದ ಮುಟ್ಟಿ, ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದು, ರೇಡಿಯೇಟರೂ ತಣ್ಣಗಿದ್ದರೆ, ನೀರು ಹರಿಯುತ್ತಿಲ್ಲವೆಂದು ತಿಳಿಯಬೇಕು.

ಕಡೆಗೆ ಬಂದದ್ದು ಅಂಕಿಗಳ ಅರ್ಥದಲ್ಲಿಯೇ ಒಂದು ಪಲ್ಲಟ. ಹಿಂದೆ ತೊಂಬತ್ತು ಡಿಗ್ರಿಯೆಂದರೆ ಎದೆ ನಡುಗುತ್ತಿದ್ದ ಕಾಲವಿದ್ದಿತು. 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂಡಿಯ ರೈಜೆನ್ 7000 ಸಾಲಿನ ಮೇಲ್ದರ್ಜೆಯ ಚಿಪ್ಪುಗಳು ಪೂರ್ಣ ದುಡಿಮೆಯಲ್ಲಿ 95 ಡಿಗ್ರಿಯನ್ನು ಗುರಿಯಾಗಿಟ್ಟುಕೊಂಡೇ ಓಡುತ್ತವೆ. ಒಳ್ಳೆಯ ಕೂಲರನ್ನು ಹಾಕಿದರೆ ಉಷ್ಣತೆಯು ಇಳಿಯುವುದಕ್ಕೆ ಬದಲಾಗಿ ವೇಗವು ಏರುತ್ತದೆ. ಇಂಟೆಲಿನ ಕೋರ್ ಐ9-13900ಕೆ ದುಡಿಮೆಯ ಉತ್ಕರ್ಷದಲ್ಲಿ 253 ವ್ಯಾಟನ್ನು ಹೀರಲು ಅನುಮತಿ ಪಡೆದಿದೆ. ಹಲವು ಮದರ್‌ಬೋರ್ಡುಗಳು ಕಾರ್ಖಾನೆಯಿಂದ ಬರುವಾಗಲೇ ಈ ಮಿತಿಯನ್ನು ಸಡಿಲಿಸಿಕೊಂಡು ಬರುತ್ತಿದ್ದವು. ಕೂಲರು ಸರಿಯಾಗಿದ್ದು, ಪೇಸ್ಟು ಹೊಸದಾಗಿದ್ದು, ಧೂಳಿಲ್ಲದೆ ಇದ್ದರೂ ನೂರು ಡಿಗ್ರಿಯನ್ನು ಮುಟ್ಟುವ ಯಂತ್ರದಲ್ಲಿ, ನೋಡಬೇಕಾದದ್ದು ಬಯಾಸಿನೊಳಗಿನ ಈ ವ್ಯಾಟಿನ ಮಿತಿಯನ್ನು. ಅದನ್ನು ತಯಾರಕರು ಹೇಳಿದ ಮಟ್ಟಕ್ಕೆ ತಂದಿಟ್ಟರೆ ಆಟದಲ್ಲಿ ಕಳೆದುಕೊಳ್ಳುವುದು ಅತ್ಯಲ್ಪ, ಕಾವಿನಲ್ಲಿ ಗಳಿಸುವುದು ಬಹಳ.

ಇಂಟೆಲಿನ ಇದೇ ಕೋರ್ ಸಾಲಿನ 13 ಮತ್ತು 14ನೆಯ ಪೀಳಿಗೆಯ ಚಿಪ್ಪುಗಳಲ್ಲಿ ಆಟಗಳು ಮತ್ತೆಮತ್ತೆ ಮುರಿದುಬೀಳುತ್ತಿವೆಯೆಂಬ ದೂರು 2024ರಲ್ಲಿ ಎಲ್ಲೆಡೆಯಿಂದಲೂ ಎದ್ದಾಗ, ಬಹುಮಂದಿ ಅದನ್ನು ಕಾವಿನ ದೋಷವೆಂದೇ ಬಗೆದು ಕೂಲರುಗಳನ್ನು ಬದಲಾಯಿಸಿದರು. ಚಿಪ್ಪು ತಾನಾಗಿಯೇ ಬೇಡುತ್ತಿದ್ದ ಅತಿಯಾದ ವೋಲ್ಟೇಜು ಅದರ ಒಡಲನ್ನು ಸವೆಸುತ್ತಿತ್ತೆಂದು ಇಂಟೆಲ್ ಒಪ್ಪಿಕೊಂಡು, ಆ ವರ್ಷದ ಆಗಸ್ಟಿನಲ್ಲಿ ಬಯಾಸಿನ ಮೂಲಕ ಹಾಕಿಕೊಳ್ಳತಕ್ಕ ತಿದ್ದುಪಡಿಯನ್ನು ಹೊರಡಿಸಿತು, ಖಾತರಿಯ ಅವಧಿಯನ್ನು ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿಯು ಇನ್ನೂ ಕೆಡದ ಚಿಪ್ಪನ್ನು ಕಾಯುತ್ತದೆ. ಆಗಲೇ ಸವೆದುಹೋದದ್ದನ್ನು ಅದು ಸರಿಪಡಿಸಲಾರದು, ಅಂಥದನ್ನು ಖಾತರಿಯಡಿಯಲ್ಲಿ ಹಿಂದಿರುಗಿಸಿ ಬೇರೊಂದನ್ನು ಪಡೆಯಬೇಕು.